ದೊಡ್ಡಮ್ಮನಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ

ಬೆಳ್ಳುಳ್ಳಿ ಮುಟ್ಟದ ಮನೆತನದವರು ಬೆಳ್ಳುಳ್ಳಿಯ ಊರಿನಲ್ಲೇ ಹೋಗಿ ಮನೆ ಕೊಂಡಿದ್ದರು. ಅವರು ನನ್ನ ದೊಡ್ಡಪ್ಪ ಮತ್ತು ದೊಡ್ಡಮ್ಮ. ಊರು ಕ್ಯಾಲಿಫೋರ್ನಿಯಾದ ಗಿಲ್‌ರಾಯ್. ದೊಡ್ಡಪ್ಪನ ಆಫೀಸು ಉತ್ತರಕ್ಕೆ, ಮೆನ್ಲೋ ಪಾರ್ಕಿನಲ್ಲಿತ್ತು. ಅದರ ಹತ್ತಿರದ ಮನೆಗಳು ಕೈಗೆ ಎಟುಕದೆ ದಕ್ಷಿಣಕ್ಕೆ ಹುಡುಕುತ್ತಾ ಹುಡುಕುತ್ತಾ ಬಂದು, ಹೊಲಗಳ ನಡುವಿನ ಈ ಊರಿನಲ್ಲಿ ನಿಂತಿದ್ದರು. ಬೇಸಿಗೆ ಬಂತೆಂದರೆ ಕಿತ್ತ ಬೆಳ್ಳುಳ್ಳಿಯ ವಾಸನೆ ಕಿಟಕಿಯ ಪರದೆಗೆ, ಒಣಹಾಕಿದ ಸೀರೆಗೆ, ಕೊನೆಗೆ ದೇವರಿಗೆ ಏರಿಸಿದ ಹೂವಿಗೂ ಹತ್ತಿಕೊಳ್ಳುತ್ತಿತ್ತು. ದೊಡ್ಡಮ್ಮ ಕಿಟಕಿಗಳನ್ನೆಲ್ಲ ಮುಚ್ಚಿ ಊದುಬತ್ತಿ ಹಚ್ಚುವರು. ಅರ್ಧ ಗಂಟೆಯಲ್ಲಿ ಸೆಕೆ ತಡೆಯಲಾರದೆ ತಾವೇ ಮತ್ತೆ ತೆರೆಯುವರು.

ಇದು ಎಂಬತ್ತರ ದಶಕದ ನಡುವಿನ ಮಾತು. ನನಗಾಗ ಹನ್ನೊಂದು ವರ್ಷ. ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ. ಅವರ ತಮ್ಮ, ಅಂದರೆ ಮೈಸೂರಿನಲ್ಲಿದ್ದ ನನ್ನ ಅಪ್ಪನಿಗೆ, ಮೂರು ಹೆಣ್ಣುಮಕ್ಕಳು. ನಾನು ನಡುವಿನವಳು. ಅಕ್ಕ ಎಲ್ಲದರಲ್ಲೂ ಜಾಣೆ, ತಂಗಿ ಇನ್ನೂ ಅಮ್ಮನ ಸೆರಗು ಬಿಡದವಳು, ಹಾಗಾಗಿ ಕೊಡಬಹುದಾದವಳು ನಾನೊಬ್ಬಳೇ ಎಂದು ನಾನೇ ಲೆಕ್ಕ ಹಾಕಿಕೊಂಡಿದ್ದೆ. ಒಂದು ವರ್ಷ ಇದ್ದು ಬರಲಿ, ಆಮೇಲೆ ನೋಡೋಣ ಎಂದು ದೊಡ್ಡವರು ಮಾತಾಡಿಕೊಂಡು ನನ್ನನ್ನು ವಿಮಾನ ಹತ್ತಿಸಿದ್ದರು. ‘ಆಮೇಲೆ ನೋಡೋಣ’ ಎಂಬುದರ ಅರ್ಥ ಎಲ್ಲರಿಗೂ ಗೊತ್ತಿತ್ತು. ನಾನು ಅಲ್ಲೇ ಉಳಿಯುವುದಾದರೆ ದತ್ತಕದ ಕಾಗದಗಳಾಗಬೇಕು. ಕಾಗದದ ಮೇಲೆ ದೊಡ್ಡಪ್ಪ ದೊಡ್ಡಮ್ಮ ನನ್ನ ತಂದೆ ತಾಯಿ ಆಗಬೇಕು. ಬೇಸಿಗೆ ರಜ ಮುಗಿಯುವ ಹೊತ್ತಿಗೆ ನನ್ನನ್ನೇ ಕೇಳುತ್ತೇವೆ, ಬಲವಂತ ಇಲ್ಲ ಎಂದು ದೊಡ್ಡಪ್ಪ ಹೇಳಿದ್ದರು. ಅಮ್ಮನೂ ಏರೋಗ್ರಾಮ್ ಕಾಗದದ ಮಡಿಕೆಯ ಮೂಲೆಯಲ್ಲಿ, ನಿನ್ನ ಮನಸ್ಸಿಗೆ ಬಂದ ಹಾಗೆ ಮಾಡು ಎಂದು ಬರೆದಿದ್ದಳು. ಅಮ್ಮನ ಅಕ್ಷರ ಆ ಸಾಲಿನಲ್ಲಿ ಮಾತ್ರ ಬಹಳ ಚಿಕ್ಕದಾಗಿತ್ತು.

ದೊಡ್ಡಮ್ಮ ಮಾತ್ರ ಈ ವಿಷಯದಲ್ಲಿ ತುಟಿ ಬಿಚ್ಚಲಿಲ್ಲ. ಮಹಾ ಮಾತುಗಾರ್ತಿ ಅವರು. ಮೈಸೂರಿನ ಕಾಲೇಜಿನಲ್ಲಿ ಬಿ.ಎಸ್‌ಸಿ. ಮಾಡಿದವರು, ಇಂಗ್ಲಿಷ್ ಪೇಪರನ್ನು ಮೊದಲಿನಿಂದ ತುದಿಯವರೆಗೆ ಓದುವವರು, ಪಕ್ಕದ ಮನೆಯಾಕೆಯ ಹತ್ತಿರ ಬೇಲಿಯ ಆಚೆಯಿಂದಲೇ ಟೊಮೆಟೊ ಗಿಡದ ಬಗ್ಗೆ ಗಂಟೆಗಟ್ಟಲೆ ಹರಟುವವರು. ಆದರೆ ನಾನು ಉಳಿಯುತ್ತೇನೆಯೋ ಹೋಗುತ್ತೇನೆಯೋ ಎಂಬ ಮಾತು ಬಂದರೆ ಎದ್ದು ಅಡುಗೆಮನೆಗೆ ಹೋಗಿಬಿಡುವರು. ನನ್ನ ಕೋಣೆಗೆ ಹಳದಿ ಬಣ್ಣದ ಪರದೆ ಹೊಲಿದರು, ಅದರ ಜೊತೆಗೇ ನನ್ನ ಮೈಗೆ ಎರಡು ಅಳತೆ ದೊಡ್ಡದಾದ ಸ್ವೆಟರು ಹೆಣೆಯಲು ಕೂತರು. ಅದು ನನಗೆ ಸರಿಹೊಂದಲು ಮೂರು ವರ್ಷವಾದರೂ ಬೇಕು ಎಂದು ನನಗೂ ಗೊತ್ತಾಗುತ್ತಿತ್ತು. ನಾನು ಮಾತ್ರ ಮನೆಯ ಗೋಡೆಯ ಮೇಲಿದ್ದ ಕ್ಯಾಲೆಂಡರಿನಲ್ಲಿ ಊರಿಗೆ ಹೋಗುವ ದಿನದವರೆಗೆ ಎಷ್ಟು ವಾರ ಎಂದು ಪ್ರತಿ ಭಾನುವಾರ ಎಣಿಸುತ್ತಿದ್ದೆ, ಅಷ್ಟೆ.

ಅಮೆರಿಕದ ಬೇಸಿಗೆ ರಜಕ್ಕೆ ಕೊನೆಯೇ ಇರುವುದಿಲ್ಲ. ಮೂರನೆಯ ವಾರಕ್ಕೆ ನಾನು ಮನೆಯಲ್ಲಿದ್ದ ಪುಸ್ತಕಗಳನ್ನೆಲ್ಲ ಮುಗಿಸಿ, ದೊಡ್ಡಮ್ಮನ ಇಂಗ್ಲಿಷ್ ಉಚ್ಚಾರಣೆ ತಿದ್ದಲು ಶುರುಮಾಡಿದೆ. ತಿದ್ದುವ ಚಾಳಿ ನನಗೆ ಅಪ್ಪನಿಂದ ಬಂದದ್ದು. ಅಪ್ಪ ಮೈಸೂರಿನ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದರು. ಊಟದ ಹೊತ್ತಿನಲ್ಲೂ ಯಾರಾದರೂ ‘ಹ’ಕಾರ ನುಂಗಿದರೆ ಅಪ್ಪನ ತುತ್ತು ಅಲ್ಲೇ ನಿಲ್ಲುತ್ತಿತ್ತು. ನನ್ನ ಕಾಟ ತಾಳಲಾರದೆ ದೊಡ್ಡಮ್ಮ ದೊಡ್ಡಪ್ಪನಿಗೆ ಹೇಳಿದರು, ದೊಡ್ಡಪ್ಪ ಊರಿನ ಲೈಬ್ರರಿಯ ಗೋಡೆಗೆ ಅಂಟಿಸಿದ್ದ ಒಂದು ಕಾಗದ ನೋಡಿಕೊಂಡು ಬಂದರು. ಊರಾಚೆ ಒಂದು ಹಳೆಯ ಹಣ್ಣಿನ ತೋಟ. ಅದರಲ್ಲಿ ಆಪ್ರಿಕಾಟ್ ಒಣಗಿಸಲು ಕಟ್ಟಿದ್ದ ಮರದ ಶೆಡ್ಡು. ಅಲ್ಲಿ ಮಕ್ಕಳಿಗೆ ನಾಲ್ಕು ವಾರದ ಕಲೆಯ ಸಮ್ಮರ್ ಕ್ಯಾಂಪು.

ಕ್ಯಾಂಪು ಎಂದದ್ದೇ ದೊಡ್ಡಮ್ಮನ ಮುಖ ಸಣ್ಣದಾಯಿತು. ಅವರ ತಂದೆ ರೆವಿನ್ಯೂ ಇಲಾಖೆಯಲ್ಲಿದ್ದವರು. ‘ಸಾಹೇಬರು ಕ್ಯಾಂಪು ಹೋಗಿದ್ದಾರೆ’ ಎಂದರೆ ಹಾಸಿಗೆ ಸುತ್ತಿಕೊಂಡು, ಜವಾನನನ್ನು ಕರೆದುಕೊಂಡು ಹೋದವರು ಇನ್ನು ವಾರ ಬರುವುದಿಲ್ಲ ಎಂದೇ ಅವರು ತಿಳಿದು ಬೆಳೆದದ್ದು. ಮಕ್ಕಳಿಲ್ಲದ ಮನೆಯಾದ್ದರಿಂದ ಅಮೆರಿಕದ ಮಕ್ಕಳ ಕ್ಯಾಂಪಿನ ಸಂಗತಿ ಹತ್ತು ವರ್ಷವಾದರೂ ಅವರಿಗೆ ಗೊತ್ತಿರಲಿಲ್ಲ. ಸಂಜೆ ಮನೆಗೆ ಬಂದುಬಿಡುತ್ತಾಳೆ ಎಂದು ದೊಡ್ಡಪ್ಪ ಮೂರು ಸಲ ಹೇಳಿದ ಮೇಲೂ ಮೊದಲ ದಿನ ನನ್ನ ಚೀಲದಲ್ಲಿ ಒಂದು ಹೊದಿಕೆ, ಎರಡು ದಿನದ ಚಪಾತಿ, ಒಂದು ಡಬ್ಬ ಚಕ್ಕುಲಿ ತುಂಬಿದ್ದರು. ಚಕ್ಕುಲಿಯನ್ನು ಅಲ್ಲಿಯ ಮಕ್ಕಳು ಹತ್ತು ನಿಮಿಷದಲ್ಲಿ ಮುಗಿಸಿದರು. ಹೊದಿಕೆ ಮಾತ್ರ ನಾಲ್ಕು ವಾರವೂ ಅಲ್ಲೇ ಮೊಳೆಗೆ ನೇತಾಡಿತು.

ಕ್ಯಾಂಪಿನ ಅರ್ಜಿಯಲ್ಲಿ ಸಹಿಯ ಕೆಳಗೆ ‘ತಂದೆ ತಾಯಿ ಅಥವಾ ಗಾರ್ಡಿಯನ್, ಅನ್ವಯಿಸದಿರುವುದನ್ನು ಹೊಡೆದುಹಾಕಿ’ ಎಂದು ಇಂಗ್ಲಿಷಿನಲ್ಲಿತ್ತು. ದೊಡ್ಡಪ್ಪ ಇಂಜಿನಿಯರು. ಒಂದು ಚೌಕ ಖಾಲಿ ಬಿಟ್ಟವರಲ್ಲ. ಆ ಸಾಲಿನ ಮೇಲೆ ಮಾತ್ರ ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತಿದ್ದು, ಯಾವುದನ್ನೂ ಹೊಡೆಯದೆ ಸಹಿ ಹಾಕಿದರು. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಒಂದನ್ನು ಹೊಡೆಯಬೇಕು ದೊಡ್ಡಪ್ಪ ಎಂದು ತೋರಿಸಿದೆ ಕೂಡ. ಇರ್ಲಿ ಬಿಡಮ್ಮ, ಅಂದರು.

ಶೆಡ್ಡು ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ನಡಿಗೆ. ದೊಡ್ಡಮ್ಮನಿಗೆ ಕಾರು ಬಾರದು. ಬೆಳಿಗ್ಗೆ ನನ್ನ ಜೊತೆ ನಡೆದು ಬಂದು, ಗೇಟಿನಲ್ಲಿ ಬಿಟ್ಟು ಹೋಗುವರು. ಮೂರು ಗಂಟೆಗೆ ಮತ್ತೆ ಬರುವರು. ಅಮೆರಿಕದ ಹಳ್ಳಿಯ ರಸ್ತೆಯಲ್ಲಿ ನಡೆಯುವವರೇ ಇಲ್ಲ. ಬೆಳ್ಳುಳ್ಳಿ ತುಂಬಿದ ಲಾರಿಗಳ ಡ್ರೈವರುಗಳು ಈ ಸೀರೆಯ ಹೆಂಗಸಿಗೂ ನನಗೂ ಏನೋ ತೊಂದರೆಯಾಗಿದೆ ಎಂದುಕೊಂಡು ಲಾರಿ ನಿಲ್ಲಿಸಿ ಹತ್ತಿಕೊಳ್ಳಿ ಎನ್ನುತ್ತಿದ್ದರು. ದೊಡ್ಡಮ್ಮ ಒಬ್ಬೊಬ್ಬರಿಗೂ ನಿಂತು ಥ್ಯಾಂಕ್ಸ್ ಹೇಳಿ, ವ್ಯಾಯಾಮಕ್ಕೆ ನಡೆಯುತ್ತಿದ್ದೇವೆ ಎಂದು ಸುಳ್ಳು ಹೇಳಿ ಕಳಿಸುತ್ತಿದ್ದರು.

ಕ್ಯಾಂಪಿನ ಟೀಚರು ಅರವತ್ತರ ಹತ್ತಿರದ ಹೆಂಗಸು. ಗಂಡಸರ ಅಂಗಿ, ಬೆನ್ನಿಗೆ ಬಿದ್ದ ಬಿಳಿಯ ಜಡೆ. ಆಕೆಯನ್ನು ಮಕ್ಕಳೆಲ್ಲ ಹೆಸರು ಹಿಡಿದು ಕರೆಯುತ್ತಿದ್ದರು. ನನ್ನ ನಾಲಿಗೆ ಅದಕ್ಕೆ ಹೊರಳದೆ ನಾನು ಕೊನೆಯವರೆಗೂ ‘ಮಿಸ್’ ಎಂದೇ ಕರೆದೆ. ಆಕೆಯ ಪದ್ಧತಿ ಸರಳ. ದಿನಕ್ಕೊಂದು ಆಟಿಕೆ ಮಾಡಿ ಮನೆಗೆ ಒಯ್ಯುವ ಹಾಗಿಲ್ಲ. ನಾಲ್ಕು ವಾರಕ್ಕೂ ಒಂದೇ ಕೆಲಸ. ನಿಮ್ಮ ಮನೆಯಲ್ಲಿರುವ ಯಾರನ್ನಾದರೂ ಮಾಡಿ, ಕುಳಿತ ಮನುಷ್ಯನಷ್ಟು ಎತ್ತರಕ್ಕೆ. ಕೊನೆಯ ಶುಕ್ರವಾರ ಊರಿನವರೆಲ್ಲ ಬರುತ್ತಾರೆ, ಅವರ ಮುಂದೆ ನಿಂತು ಇದು ಯಾರು ಎಂದು ಹೇಳಿ. ಅಷ್ಟೆ. ತಂತಿಯ ಜಾಲರಿಯನ್ನು ಬಗ್ಗಿಸಿ ಮೈ ಮಾಡಿಕೊಳ್ಳುವುದು, ಅದರ ಮೇಲೆ ಹಳೆಯ ಪೇಪರಿನ ಪಟ್ಟಿಗಳನ್ನು ಮೈದಾ ಗಂಜಿಯಲ್ಲಿ ಅದ್ದಿ ಅಂಟಿಸುವುದು. ಒಬ್ಬ ತನ್ನ ನಾಯಿಯನ್ನು ಮಾಡಲು ಹೊರಟ. ಮನೆಯಲ್ಲಿರುವವರು ಎಂದರೆ ಮನುಷ್ಯರು ಎಂದೇನೂ ಹೇಳಿಲ್ಲವಲ್ಲ ಎಂದು ವಾದ ಮಾಡಿದ. ಮಿಸ್ ಒಪ್ಪಿದರು.

ನಾನು ದೊಡ್ಡಮ್ಮನನ್ನು ಮಾಡುತ್ತೇನೆಂದೆ. ಪ್ರೀತಿಯಿಂದಲ್ಲ. ದೊಡ್ಡಪ್ಪನಿಗೆ ಮೀಸೆಯಿತ್ತು, ಮೀಸೆ ಕಷ್ಟ ಅನಿಸಿತು. ಆದರೆ ಸಹನೆ ನನ್ನ ಜಾಯಮಾನವಲ್ಲ. ಕೆಳಗಿನ ಪದರ ಒಣಗುವ ಮುಂಚೆ ಮೇಲಿನದನ್ನು ಅಂಟಿಸಿದೆ. ಮೂರನೆಯ ದಿನ ಕೆನ್ನೆ ಜಾರಿ ಎದೆಯ ಮೇಲೆ ಬಂತು. ಸಂಜೆ ದಾರಿಯುದ್ದಕ್ಕೂ ಮುಖ ಊದಿಸಿಕೊಂಡು ಬಂದೆ. ಏನಾಯಿತೆಂದು ದೊಡ್ಡಮ್ಮ ಎಳೆದೆಳೆದು ಕೇಳಿ ತಿಳಿದುಕೊಂಡು, ಪಟ್ಟಿ ಅಂಟಿಸುವುದು ಸೋಮಾರಿಗಳ ಕೆಲಸ ಎಂದು ತೀರ್ಪು ಕೊಟ್ಟರು. ಅವರ ತವರಿನಲ್ಲಿ ಹೆಂಗಸರು ಹಳೆಯ ಕಾಗದವನ್ನು ನೆನೆಹಾಕಿ, ಮೆಂತ್ಯದ ಜೊತೆ ರುಬ್ಬಿ, ಪಾತ್ರೆಯ ಬೆನ್ನಿಗೆ ಮೆತ್ತಿ ಬುಟ್ಟಿ ಮಾಡುತ್ತಿದ್ದರಂತೆ. ಮೊರದ ಸಂದಿಗೂ ಅದನ್ನೇ ಬಳಿಯುತ್ತಿದ್ದರಂತೆ. ಮೆಂತ್ಯ ಅಂಟೂ ಹೌದು, ಹುಳ ಹಿಡಿಯದ ಔಷಧವೂ ಹೌದು.

ಆ ಸಂಜೆಯೇ ಬಕೆಟ್ಟಿನಲ್ಲಿ ಪೇಪರು ನೆನೆಯಿತು. ಇಂಗ್ಲಿಷ್ ಪೇಪರುಗಳು ಮಾತ್ರ. ಹಡಗಿನ ಅಂಚೆಯಲ್ಲಿ ಬರುತ್ತಿದ್ದ ಕನ್ನಡ ವಾರಪತ್ರಿಕೆಗಳ ಒಂದಕ್ಷರವೂ ನೀರಿಗೆ ಬೀಳಲಿಲ್ಲ. ಮಿಕ್ಸಿಗೆ ಶಾಯಿ ಹತ್ತುತ್ತದೆ, ಅದರಲ್ಲಿ ಬೇಡ. ಕುಟ್ಟಲು ಒನಕೆ ಎಲ್ಲಿಂದ ತರುವುದು. ದೊಡ್ಡಪ್ಪ ಯಾವ ಕಾಲದಲ್ಲೋ ಹುಮ್ಮಸ್ಸಿನಿಂದ ತಂದು ಗರಾಜಿನಲ್ಲಿ ಬಿಸಾಡಿದ್ದ ಒಂದು ಬೇಸ್‌ಬಾಲ್ ಬ್ಯಾಟಿತ್ತು. ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು, ಹಿತ್ತಲಿನ ಹುಲ್ಲಿನ ಮೇಲೆ ಬಕೆಟ್ಟಿಟ್ಟು, ಬ್ಯಾಟಿನಲ್ಲಿ ಕಾಗದ ಕುಟ್ಟಿದರು. ಬೇಲಿಯಾಚೆಯ ಹೆಂಗಸು ಸದ್ದು ಕೇಳಿ ಇಣುಕಿದಳು. ಕೇಳಿ ತಿಳಿದ ಮೇಲೆ ತನಗೂ ಸ್ವಲ್ಪ ಕುಟ್ಟಲು ಕೊಡು ಎಂದಳು.

ಸೋಮವಾರ ದೊಡ್ಡಮ್ಮ ಬಕೆಟ್ಟು ಹೊತ್ತು ನನ್ನ ಜೊತೆ ಬಂದರು. ಗೇಟಿನಲ್ಲೇ ಕೊಟ್ಟು ಹೋಗುವವರಿದ್ದರು. ಮಿಸ್ ಬಕೆಟ್ಟಿನೊಳಗೆ ಕೈ ಹಾಕಿ, ಹಿಟ್ಟನ್ನು ಹಿಸುಕಿ, ಮೂಸಿ ನೋಡಿ, ಇದನ್ನು ನಮಗೆಲ್ಲ ತೋರಿಸಿಕೊಡದೆ ಹೋಗುವ ಹಾಗಿಲ್ಲ ಎಂದು ಒಳಗೆ ಕರೆದರು. ಅವತ್ತಿನಿಂದ ದೊಡ್ಡಮ್ಮನೂ ಕ್ಯಾಂಪಿನವರಾದರು. ಬೆಳಿಗ್ಗೆ ಬೇಗ ಅಡುಗೆ ಮುಗಿಸಿ, ಹತ್ತಿಯ ಹಳೆಯ ಸೀರೆ ಉಟ್ಟು, ನನಗಿಂತ ಮೊದಲು ಬಾಗಿಲಲ್ಲಿ ನಿಂತಿರುತ್ತಿದ್ದರು. ಹತ್ತು ವರ್ಷದಿಂದ ಆ ಮನೆಯ ಕಿಟಕಿಯಲ್ಲಿ ಕೂತು ದೊಡ್ಡಪ್ಪನ ಕಾರಿಗೆ ಕಾಯುತ್ತಿದ್ದ ಹೆಂಗಸು, ಇಪ್ಪತ್ತು ಮಕ್ಕಳಿಗೆ ಮೂಗು ಹೇಗೆ ಎಳೆಯಬೇಕು, ಕಿವಿ ಎಲ್ಲಿಗೆ ಮೆತ್ತಬೇಕು ಎಂದು ಗದರಿಸುತ್ತಾ ಓಡಾಡಿದರು. ಮಕ್ಕಳು ಅವರನ್ನು ನನ್ನ ‘ಮಾಮ್’ ಎಂದರು. ನಾನು ಮೊದಲ ದಿನ ತಿದ್ದಿದೆ. ಎರಡನೆಯ ದಿನವೂ ತಿದ್ದಿದೆ. ಆಮೇಲೆ ಬೇಸರವಾಗಿ ಬಿಟ್ಟೆ. ನಾನು ಬಿಟ್ಟದ್ದನ್ನು ದೊಡ್ಡಮ್ಮ ಗಮನಿಸಿದ್ದರು ಎಂದು ಈಗ ಅನಿಸುತ್ತದೆ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಅಮ್ಮನನ್ನು ನಾನು ‘ನೀನು’ ಎನ್ನುತ್ತಿದ್ದೆ, ದೊಡ್ಡಮ್ಮನನ್ನು ‘ನೀವು’. ನಮ್ಮ ಮನೆಗಳಲ್ಲಿ ಹಾಗೆಯೇ. ಒಂದು ದಿನ ಗೊಂಬೆಯ ಭುಜಕ್ಕೆ ಕಾಗದದ ಹಿಟ್ಟು ಮೆತ್ತುತ್ತಾ, ಭುಜ ವಾಲುತ್ತಿರುವುದನ್ನು ಕಂಡು ಗಾಬರಿಯಲ್ಲಿ, ದೊಡ್ಡಮ್ಮ ನೀನು ಆ ಕಡೆ ಹಿಡ್ಕೋ ಅಂದುಬಿಟ್ಟೆ. ಅವರ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಹಿಡಿದುಕೊಂಡರು. ಅವರು ತಿದ್ದಲಿಲ್ಲ, ನಾನೂ ತಿದ್ದಿಕೊಳ್ಳಲಿಲ್ಲ. ಅಂದಿನಿಂದ ಶೆಡ್ಡಿನೊಳಗೆ ಅವರು ‘ನೀನು’. ಮನೆಗೆ ಬಂದರೆ, ದೊಡ್ಡಪ್ಪನ ಮುಂದೆ, ಮತ್ತೆ ‘ನೀವು’. ಸುತ್ತಲಿದ್ದವರಿಗೆ ಎರಡೂ ಒಂದೇ ‘ಯೂ’. ಅಲ್ಲಿ ನಡೆಯುತ್ತಿದ್ದ ಈ ವ್ಯವಹಾರ ನಮ್ಮಿಬ್ಬರಿಗೆ ಬಿಟ್ಟರೆ ಇನ್ನಾರಿಗೂ ತಿಳಿಯುತ್ತಿರಲಿಲ್ಲ, ಮತ್ತು ಅದು ನನಗೆ ಬಹಳ ಇಷ್ಟವಾಗಿತ್ತು.

ಕ್ಯಾಂಪಿನ ಮೂರನೆಯ ವಾರದ ಭಾನುವಾರ ಕ್ಯಾಲೆಂಡರಿನ ಮುಂದೆ ಹಾದುಹೋಗುವಾಗ, ಎರಡು ವಾರದಿಂದ ಎಣಿಸಿಯೇ ಇಲ್ಲ ಎಂದು ಹೊಳೆಯಿತು. ಆಗಲೇ ಗೊತ್ತಾಯಿತು, ನನಗೆ ಇಲ್ಲಿ ಇರಬೇಕೆನಿಸಿದೆ ಎಂದು. ಸಂತೋಷಕ್ಕಿಂತ ಹೆಚ್ಚಾಗಿ ಅಳು ಬಂತು. ಅಮ್ಮ ಕಣ್ಣ ಮುಂದೆ ಬಂದಳು. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತು, ಮುಖ ತೊಳೆದುಕೊಂಡು, ನನ್ನೊಳಗೇ ಒಂದು ಒಪ್ಪಂದ ಮಾಡಿಕೊಂಡೆ. ನಾನು ಇಲ್ಲಿ ಉಳಿಯುತ್ತೇನೆ, ಕಾಗದದ ಮೇಲೆ ಅವರು ಏನು ಬೇಕಾದರೂ ಬರೆದುಕೊಳ್ಳಲಿ. ಆದರೆ ‘ಅಮ್ಮ’ ಎಂಬ ಮಾತು ಮಾತ್ರ ಮೈಸೂರಿನಲ್ಲೇ ಇರುತ್ತದೆ. ಅದನ್ನು ಯಾರಿಗೂ ಕೊಡುವುದಿಲ್ಲ. ಅಷ್ಟನ್ನಾದರೂ ಅಮ್ಮನಿಗೆ ಉಳಿಸದಿದ್ದರೆ ನಾನು ಮನುಷ್ಯಳೇ ಅಲ್ಲ. ಹನ್ನೊಂದು ವರ್ಷದವಳಿಗೆ ಇದು ಬಹಳ ನ್ಯಾಯವಾದ ಹಂಚಿಕೆ ಎನಿಸಿತು. ಈಗಲೂ ಅದರಲ್ಲಿ ತಪ್ಪು ಹುಡುಕಲು ನನಗೆ ಆಗಿಲ್ಲ.

ಈ ತೀರ್ಮಾನವನ್ನು ಯಾರಿಗೂ ಹೇಳಲಿಲ್ಲ. ದೊಡ್ಡವರು ಕೇಳುವ ಮೊದಲೇ ಉತ್ತರ ಕೊಡುವುದು ನಮ್ಮಲ್ಲಿ ಅಧಿಕಪ್ರಸಂಗ. ಕ್ಯಾಂಪು ಮುಗಿದ ಭಾನುವಾರ ಕೇಳುತ್ತೇನೆ ಎಂದು ದೊಡ್ಡಪ್ಪ ಹೇಳಿದ್ದರು. ಕೇಳಿದಾಗ ಹೇಳಿದರಾಯಿತು ಎಂದು ವಾಕ್ಯವನ್ನು ಮನಸ್ಸಿನಲ್ಲೇ ಸಿದ್ಧಮಾಡಿ ಇಟ್ಟುಕೊಂಡೆ.

ಗೊಂಬೆ ಚೆನ್ನಾಗಿ ಬಂತು. ಮೆಂತ್ಯದ ಹಿಟ್ಟು ಬಿರುಕು ಬಿಡದೆ ಕಲ್ಲಿನ ಹಾಗೆ ಗಟ್ಟಿಯಾಯಿತು. ಸ್ಟೂಲಿನ ಮೇಲೆ ಕುಳಿತ ದೊಡ್ಡಮ್ಮ, ತೊಡೆಯ ಮೇಲೆ ಬಕೆಟ್ಟು, ಕೈಯಲ್ಲಿ ಬ್ಯಾಟು. ಅವರದೇ ಹಳೆಯ ಸೀರೆಯ ತುಂಡು ಹೊದಿಸಿದೆ, ಹಣೆಗೆ ಕುಂಕುಮ ಇಟ್ಟೆ. ಹಿಟ್ಟು ಧಾರಾಳವಾಗಿ ಇದ್ದುದರಿಂದ ಮೈಯೂ ಧಾರಾಳವಾಗಿಯೇ ಆಗಿತ್ತು. ದೊಡ್ಡಮ್ಮ ನಿಜವಾಗಿಯೂ ಸ್ವಲ್ಪ ದಪ್ಪವಿದ್ದರು. ಕಣ್ಣನ್ನು ಮಾತ್ರ ಅವರು ನೋಡದಿರುವಾಗ ಮಾಡಿದೆ, ಯಾಕೆಂದರೆ ಅವರು ಎದುರಿಗಿದ್ದರೆ ಅವರ ಕಣ್ಣನ್ನು ಅಷ್ಟು ಹೊತ್ತು ದಿಟ್ಟಿಸಿ ನೋಡಲು ನನಗೆ ನಾಚಿಕೆಯಾಗುತ್ತಿತ್ತು.

ಹೆಸರಿನ ಚೀಟಿ ಬರೆಯುವಾಗ ನಾನು ನಿಘಂಟು ನೋಡಿದೆ. ‘ಆಂಟ್’ ಎಂದಿತ್ತು. ಅತ್ತೆಗೂ ಆಂಟ್, ಚಿಕ್ಕಮ್ಮನಿಗೂ ಆಂಟ್, ಸೋದರಮಾವನ ಹೆಂಡತಿಗೂ ಆಂಟ್. ಪಕ್ಕದ ಬೀದಿಯಲ್ಲಿ ಕ್ಯಾಂಡಿ ಕೊಡುವ ಹೆಂಗಸಿಗೂ ಮಕ್ಕಳು ಅದನ್ನೇ ಹೇಳುತ್ತಿದ್ದರು. ಇದೆಂಥ ಭಾಷೆ ಎಂದು ಸಿಟ್ಟು ಬಂತು. ನನ್ನ ದೊಡ್ಡಮ್ಮ ಬರಿಯ ಆಂಟ್ ಅಲ್ಲ. ಕರಡು ತಿದ್ದುವವರ ಮಗಳು ನಾನು, ಪದಕ್ಕೆ ಪದ ಇಟ್ಟು ಸರಿಯಾಗಿಯೇ ಬರೆಯುತ್ತೇನೆ ಎಂದು ದಪ್ಪ ಅಕ್ಷರದಲ್ಲಿ ಬರೆದೆ: ಮೈ ಬಿಗ್ ಮದರ್.

ಶುಕ್ರವಾರ ಮಧ್ಯಾಹ್ನ ಶೆಡ್ಡು ತುಂಬಿತು. ತೋಟದವರು, ಅಂಗಡಿಯವರು, ಮಕ್ಕಳ ಅಜ್ಜಿ ತಾತಂದಿರು. ದೊಡ್ಡಪ್ಪನಿಗೆ ಆಫೀಸಿನಲ್ಲಿ ಮೀಟಿಂಗು, ಬರಲಾಗಲಿಲ್ಲ. ದೊಡ್ಡಮ್ಮ ರೇಷ್ಮೆ ಸೀರೆ ಉಟ್ಟು ಎರಡನೆಯ ಸಾಲಿನಲ್ಲಿ ನಿಂತಿದ್ದರು. ಶಾಲೆಯಲ್ಲಿ ಒಂದು ವರ್ಷ ಬಾಯಿ ಬಿಡದ ನಾನು, ನನ್ನ ಸರದಿ ಬಂದಾಗ ಗೊಂಬೆಯ ತಲೆಯ ಮೇಲೆ ಕೈಯಿಟ್ಟು ಜೋರಾಗಿ ಹೇಳಿದೆ: “ದಿಸ್ ಈಸ್ ಮೈ ಬಿಗ್ ಮದರ್.”

ಜನ ಗೊಂಬೆಯನ್ನು ನೋಡಿದರು. ಆಮೇಲೆ ಎರಡನೆಯ ಸಾಲಿನ ರೇಷ್ಮೆ ಸೀರೆಯನ್ನು ನೋಡಿದರು. ಎಲ್ಲೋ ಒಂದು ಕಡೆ ನಗು ಶುರುವಾಗಿ ಶೆಡ್ಡು ಪೂರ್ತಿ ಹರಡಿತು. ಕೆಟ್ಟ ನಗುವಲ್ಲ, ಚಪ್ಪಾಳೆಯೂ ಇತ್ತು. ನನಗೆ ಹುರುಪು ಬಂತು. ಹಾಗಾದರೆ ಸ್ಮಾಲ್ ಮದರ್ ಕೂಡ ಇದ್ದಾರೆಯೇ ಎಂದು ಹಿಂದಿನಿಂದ ಯಾರೋ ಕೇಳಿದರು. ಇದ್ದಾರೆ, ತುಮಕೂರಿನಲ್ಲಿ ಎಂದು ನಾನು ನಮ್ಮ ಚಿಕ್ಕಮ್ಮನ ಬಗ್ಗೆ ಹೇಳಿದೆ. ಮತ್ತೂ ನಕ್ಕರು. ದೊಡ್ಡಮ್ಮನೂ ನಗುತ್ತಿದ್ದರು, ಸೆರಗಿನಿಂದ ಬಾಯಿ ಮುಚ್ಚಿಕೊಂಡು. ನಾನು ಗೆದ್ದವಳ ಹಾಗೆ ಪಕ್ಕಕ್ಕೆ ಬಂದೆ. ನಾಯಿ ಮಾಡಿದ ಹುಡುಗನ ತಂಗಿ ನನ್ನ ಕಿವಿಯಲ್ಲಿ, ಎಲ್ಲರ ಮುಂದೆ ನಿಮ್ಮಮ್ಮನನ್ನು ದಪ್ಪ ಅಂದೆಯಲ್ಲ, ಬೈಯುವುದಿಲ್ಲವೇ ಎಂದು ಕೇಳಿದಳು. ಅವರೆಲ್ಲ ನಕ್ಕದ್ದು ಯಾಕೆಂದು ನನಗೆ ಆಗ ತಿಳಿಯಿತು.

ಮನೆಗೆ ನಡೆದು ಹೋಗುವಾಗ ಹೇಗೆ ಕ್ಷಮೆ ಕೇಳುವುದೆಂದು ತಲೆ ಕೆರೆದುಕೊಳ್ಳುತ್ತಿದ್ದೆ. ದಪ್ಪ ಎಂಬ ಮಾತನ್ನು ಮತ್ತೆ ಎತ್ತದೆ ದಪ್ಪ ಅಂದಿಲ್ಲ ಎಂದು ಹೇಳುವುದು ಹೇಗೆ. ಬಿಸಿಲು ಇನ್ನೂ ಜೋರಾಗಿತ್ತು. ಎರಡು ಕಡೆಯೂ ಬೆಳ್ಳುಳ್ಳಿ ಕಿತ್ತ ಬರಿಯ ಹೊಲ. ದೊಡ್ಡಮ್ಮ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ನನಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಿದ್ದರು. ತಿರುಗದೆಯೇ ಕೇಳಿದರು.

“ಬಿಗ್ ಅನ್ನೋದು ಬಿಟ್ಟು, ಬರೀ ಮದರ್ ಅಂತ ಬರೀಬಹುದಿತ್ತಲ್ವಾ ಪುಟ್ಟಿ?”

ಅಬ್ಬ, ಬೇಜಾರಾಗಿರುವುದು ದಪ್ಪಕ್ಕಲ್ಲ, ಪದಕ್ಕೆ ಎಂದು ನನಗೆ ಹೋದ ಜೀವ ಬಂದಂತಾಯಿತು. ಪದದ ವಿಷಯ ನನಗೆ ಚೆನ್ನಾಗಿ ಗೊತ್ತಿತ್ತು. ತಟ್ಟನೆ ಹೇಳಿದೆ.

“ಇಲ್ಲ ದೊಡ್ಡಮ್ಮ, ಅದು ತಪ್ಪಾಗತ್ತೆ. ಅಮ್ಮ ಊರಲ್ಲಿದಾಳಲ್ಲ.”

ಹೌದು, ಅಂದರು ಅವರು. ಸ್ವಲ್ಪ ದೂರ ಹೋದ ಮೇಲೆ, ಸಂಜೆಗೆ ಉಪ್ಪಿಟ್ಟು ಮಾಡಲೇ ಎಂದು ಕೇಳಿದರು. ಮಾಡಿ ಎಂದೆ. ಎಲ್ಲ ಸರಿಹೋಯಿತೆಂದು ಉಳಿದ ದಾರಿಯನ್ನು ನಾನು ಕುಣಿದುಕೊಂಡೇ ನಡೆದೆ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ದೊಡ್ಡಪ್ಪ ಲಾಯರು ಕೊಟ್ಟಿದ್ದ ಕಾಗದಗಳ ಫೈಲು ತಂದು ಮೇಜಿನ ಮೇಲಿಟ್ಟು, ನನ್ನನ್ನು ಎದುರಿಗೆ ಕೂರಿಸಿಕೊಂಡರು. ಅವರು ಎಂದೂ ಹೆಚ್ಚು ಮಾತಾಡುವವರಲ್ಲ. ಗಂಟಲು ಸರಿಮಾಡಿಕೊಂಡು, ಏನಮ್ಮ, ಏನು ಯೋಚನೆ ಮಾಡಿದೀಯ ಎಂದು ಕೇಳಿದರು. ನನ್ನ ವಾಕ್ಯ ನಾಲಿಗೆಯ ತುದಿಯಲ್ಲಿತ್ತು. ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ದೊಡ್ಡಮ್ಮ ಬಂದು ನಿಂತರು. ಕೈ ಒದ್ದೆಯಾಗಿತ್ತು.

“ಅವಳನ್ನ ಕೇಳ್ಬೇಡಿ. ಅವಳು ಊರಿಗೆ ಹೋಗ್ಲಿ.”

ದೊಡ್ಡಪ್ಪ ಕನ್ನಡಕ ತೆಗೆದು ಅವರನ್ನೇ ನೋಡಿದರು. ಯಾಕೆ, ಏನಾಯಿತು ಎಂದು ಕೇಳಿದರು. ಹೋಗ್ಲಿ ಅಂದ್ನಲ್ಲ ಎಂದು ದೊಡ್ಡಮ್ಮ ಒಳಗೆ ಹೋದರು. ನಲ್ಲಿಯ ನೀರು ಬಹಳ ಹೊತ್ತು ಹರಿಯಿತು.

ಆಗಲೂ ನಾನು ಹೇಳಬಹುದಿತ್ತು. ದೊಡ್ಡಪ್ಪ ಮತ್ತೆ ನನ್ನ ಕಡೆ ತಿರುಗಿ ಕಾದರು ಕೂಡ. ಆದರೆ ನನಗೆ ಮೂಗಿನ ತುದಿಯಲ್ಲೇ ಕೋಪ. ಅಷ್ಟು ಜನರ ಮುಂದೆ ದಪ್ಪ ಅಂದೆನೆಂದು ನನ್ನನ್ನು ಕಳಿಸುತ್ತಿದ್ದಾರೆ, ಆವತ್ತು ಶೆಡ್ಡಿನಲ್ಲಿ ನಕ್ಕದ್ದು, ದಾರಿಯಲ್ಲಿ ಉಪ್ಪಿಟ್ಟಿನ ಮಾತಾಡಿದ್ದು ಎಲ್ಲ ನಾಟಕ ಎಂದುಕೊಂಡೆ. ಬೇಡ ಎನ್ನುವವರ ಮನೆಯಲ್ಲಿ ನಾನೇಕಿರಲಿ ಎಂಬ ಹಟ ಎದ್ದಿತು. ಸರಿ, ಹೋಗ್ತೀನಿ ಎಂದೆ. ದೊಡ್ಡಪ್ಪ ಫೈಲನ್ನು ಮುಚ್ಚಿ, ಅದರ ದಾರ ಕಟ್ಟಲು ಬಹಳ ಹೊತ್ತು ತೆಗೆದುಕೊಂಡರು.

ಎರಡು ವಾರದಲ್ಲಿ ಮೈಸೂರಿನಲ್ಲಿದ್ದೆ. ಅಮ್ಮ ನನ್ನನ್ನು ತಬ್ಬಿಕೊಂಡು ಬೀದಿಗೆಲ್ಲ ಕೇಳಿಸುವ ಹಾಗೆ ಅತ್ತಳು. ನನ್ನ ಮಗಳು ನನ್ನನ್ನು ಬಿಟ್ಟಿರಲಾರದೆ ಬಂದಳು ಎಂದು ಬಂದವರಿಗೆಲ್ಲ ಹೇಳಿದಳು. ನಾನು ಇಲ್ಲವೆನ್ನಲಿಲ್ಲ. ಹೇಗೆ ಹೇಳುವುದು. ಅಮ್ಮ ತೀರಿಕೊಳ್ಳುವವರೆಗೂ ಹಾಗೆಯೇ ನಂಬಿದ್ದಳು. ದೊಡ್ಡಮ್ಮ ಪ್ರತಿ ತಿಂಗಳು ನನ್ನ ಹೆಸರಿಗೆ ಕಾಗದ ಬರೆದರು. ನಾನು ಉತ್ತರವನ್ನು ದೊಡ್ಡಪ್ಪನ ಹೆಸರಿಗೆ ಬರೆದು, ಕೊನೆಯಲ್ಲಿ ‘ದೊಡ್ಡಮ್ಮನವರಿಗೆ ನಮಸ್ಕಾರಗಳು’ ಎಂದು ಒಂದು ಸಾಲು ಸೇರಿಸುತ್ತಿದ್ದೆ. ಎಷ್ಟು ವರ್ಷ ಹಾಗೆ ಮಾಡಿದೆ ಎಂದು ನೆನೆಸಿಕೊಂಡರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಅವರು ಒಮ್ಮೆಯೂ ಅದರ ಬಗ್ಗೆ ಕೇಳಲಿಲ್ಲ. ಕಾಗದಗಳಲ್ಲಿ ಸುದ್ದಿ ಬರುತ್ತಿತ್ತು: ಮರುವರ್ಷವೂ ಮಿಸ್ ದೊಡ್ಡಮ್ಮನನ್ನು ಕ್ಯಾಂಪಿಗೆ ಕರೆದದ್ದು, ಅದರ ಮರುವರ್ಷವೂ ಹೋದದ್ದು, ಕಾರು ಕಲಿತದ್ದು, ಲಿವರ್‌ಮೋರಿನ ಗುಡ್ಡದ ದೇವಸ್ಥಾನಕ್ಕೆ ಒಬ್ಬರೇ ಕಾರು ಓಡಿಸಿಕೊಂಡು ಹೋಗಿ ದೊಡ್ಡಪ್ಪನನ್ನು ಬೆರಗುಗೊಳಿಸಿದ್ದು.

ಹೋದ ಚಳಿಗಾಲದಲ್ಲಿ, ನನ್ನ ಮಗಳ ಮದುವೆಗೆಂದು ದೊಡ್ಡಮ್ಮ ಮೈಸೂರಿಗೆ ಬಂದಿದ್ದರು. ಎಂಬತ್ತು ದಾಟಿದೆ, ಕಿವಿ ಚುರುಕು, ಮೈ ಇಳಿದು ಅರ್ಧವಾಗಿದೆ. ಮದುವೆ ಮುಗಿದು ಮನೆ ಖಾಲಿಯಾದ ಮೇಲೆ ಒಂದು ಬೆಳಿಗ್ಗೆ ಇಬ್ಬರೂ ಕೂತು ಹಿದುಕವರೆ ಸಾರಿಗೆ ಅವರೆಕಾಳು ಹಿಸುಕುತ್ತಿದ್ದೆವು. ಅಷ್ಟು ಇಳಿದುಹೋದ ಅವರ ತೋಳನ್ನು ನೋಡುತ್ತಾ, ಇನ್ನು ಕೇಳದಿದ್ದರೆ ಕೇಳುವ ಅವಕಾಶವೇ ಇರುವುದಿಲ್ಲವೆನಿಸಿ ಕೇಳಿಯೇಬಿಟ್ಟೆ. ಆವತ್ತು ಬಿಗ್ ಮದರ್ ಅಂದು ನಿಮಗೆ ಅವಮಾನ ಮಾಡಿದ್ದಕ್ಕೆ ತಾನೇ ನನ್ನನ್ನು ಕಳಿಸಿದ್ದು ಎಂದೆ.

ದೊಡ್ಡಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ದಪ್ಪ ಅಂದರೆ ಏನಂತೆ, ಇದ್ದೆನಲ್ಲ ಎಂದರು. ಬೋಗುಣಿಯಲ್ಲಿದ್ದ ಕಾಳನ್ನು ಕೈಯಲ್ಲಿ ಸವರುತ್ತಾ, ನನ್ನ ಮುಖ ನೋಡದೆಯೇ ಹೇಳಿದರು.

“ದಾರೀಲಿ ನಿನ್ನ ಒಂದು ಮಾತು ಕೇಳಿದ್ನಲ್ಲ, ನೆನಪಿದ್ಯಾ? ತಟ್ ಅಂತ ಹೇಳ್ಬಿಟ್ಟೆ, ಅಮ್ಮ ಊರಲ್ಲಿದಾಳೆ ಅಂತ. ನೀನು ಒಂದು ಗಳಿಗೆ ಯೋಚನೆ ಮಾಡಿದ್ದಿದ್ರೂ ನಾನು ನಿನ್ನ ಇಟ್ಕೊಂಡ್ಬಿಡ್ತಿದ್ದೆ ಕಣೆ. ಯೋಚನೇನೇ ಮಾಡ್ಲಿಲ್ಲ ನೀನು. ಅಂಥ ಮಗೂನ ಅಮ್ಮನಿಂದ ಕಿತ್ಕೊಂಡು ನಾನೆಲ್ಲಿಗೆ ಹೋಗ್ಲಿ?”

ನಾನು ಕಾಳು ಹಿಸುಕುತ್ತಲೇ ಇದ್ದೆ. ಆ ಉತ್ತರವನ್ನು ಅಷ್ಟು ಬೇಗ ಕೊಟ್ಟದ್ದು ಯೋಚಿಸದೆ ಅಲ್ಲ, ಅವರ ಮನೆಯಲ್ಲೇ ಉಳಿಯುವುದು, ‘ಅಮ್ಮ’ ಎಂಬ ಮಾತನ್ನು ಮಾತ್ರ ಅಮ್ಮನಿಗೇ ಬಿಡುವುದು ಎಂದು ಮೊದಲೇ ಯೋಚಿಸಿ ಮುಗಿಸಿದ್ದಕ್ಕೆ ಎಂದು ಹೇಳಲು ಬಾಯಿಗೆ ಬಂತು. ಆದರೆ ಒಂದು ಮಗುವನ್ನು ಅದರ ತಾಯಿಗೆ ತಾನಾಗಿ ಹಿಂದಿರುಗಿಸಿದೆ ಎಂಬ ಸಮಾಧಾನದ ಮೇಲೆ ಅವರು ನಲವತ್ತು ವರ್ಷ ಬದುಕಿದ್ದರು. ಆ ವಯಸ್ಸಿನಲ್ಲಿ ಅದನ್ನು ಅವರ ಕೈಯಿಂದ ತೆಗೆದುಕೊಂಡು ಬದಲಿಗೆ ನಾನು ಏನು ಕೊಡಬಲ್ಲೆ.

ಒಳ್ಳೇದೇ ಮಾಡಿದಿರಿ ದೊಡ್ಡಮ್ಮ, ಎಂದೆ.